ನಿಮ್ಮೂರ ಕಲ್ಲನ್ನು ಕಾಯುವ ಒಪ್ಪಂದಗಳು: ಊರಿನವರಿಗೆ ತಿಳಿಸುವುದು ಹೇಗೆ?

ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲು ಇತ್ತು. ಏರಿ ರಸ್ತೆ ಅಗಲ ಮಾಡೋಕೆ ಜೆಸಿಬಿ ಬಂತು. ಮೂರು ದಿನ ಬಿಟ್ಟು ನೋಡಿದರೆ ಕಲ್ಲು ಇಲ್ಲ. ಮೋರಿ ಕೆಳಗೆ ಹಾಕಿದರು ಅಂದರು ಕೆಲವರು. ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ಹೋಯಿತು ಅಂದರು ಇನ್ನು ಕೆಲವರು. ದೂರು ಬರೆಯಲು ಕೂತೆವು. ಕಲ್ಲು ಎಷ್ಟು ಎತ್ತರ ಇತ್ತು? ಸೊಂಟದಷ್ಟು ಅಂದರು ಒಬ್ಬರು, ಎದೆಮಟ್ಟ ಅಂದರು ಇನ್ನೊಬ್ಬರು. ಅದರಲ್ಲಿ ಕೆತ್ತಿದ್ದು ಕುದುರೆಯಾ, ಹಸುವಾ? ಅಕ್ಷರ ಇತ್ತಾ? ದಿನಾ ಅದರ ಪಕ್ಕದಲ್ಲೇ ದನ ಹೊಡೆದುಕೊಂಡು ಹೋದವರು ನಾವು. ಆದರೂ ಒಬ್ಬರ ಫೋನಿನಲ್ಲೂ ಅದರ ಒಂದು ಫೋಟೋ ಇರಲಿಲ್ಲ. ದೂರು ಅರ್ಧ ಪುಟಕ್ಕೇ ನಿಂತುಹೋಯಿತು.

ನಾನು ಮಂಡ್ಯ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಆ ಕಲ್ಲು ಹೋದ ಮೇಲೆಯೇ ನಾನು ಪರಂಪರೆ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಕೂತು ಓದಿದ್ದು. ಓದುತ್ತಾ ಒಂದು ಮಾತು ಎದೆಗೆ ನಾಟಿತು. ಕದ್ದ ಕಲಾವಸ್ತುಗಳ ಬಗ್ಗೆ 1970ರಲ್ಲಿ ಆದ ಯುನೆಸ್ಕೊ (ಶಿಕ್ಷಣ, ವಿಜ್ಞಾನ, ಸಂಸ್ಕೃತಿಗಾಗಿ ಇರುವ ವಿಶ್ವಸಂಸ್ಥೆಯ ಅಂಗ) ಒಪ್ಪಂದದ 7ನೇ ವಿಧಿ ಇದು. ದೇವಸ್ಥಾನ, ಮ್ಯೂಸಿಯಂ, ಸಾರ್ವಜನಿಕ ಸ್ಮಾರಕದಿಂದ ಕದ್ದ ವಸ್ತುವನ್ನು ಇನ್ನೊಂದು ದೇಶ ಒಳಗೆ ಬಿಟ್ಟುಕೊಳ್ಳಬಾರದು ಅನ್ನುತ್ತದೆ. ಆದರೆ ಒಂದು ಷರತ್ತು: ಆ ವಸ್ತು ಆ ಜಾಗಕ್ಕೆ ಸೇರಿದ್ದು ಅಂತ ಅಲ್ಲಿನ ಪಟ್ಟಿಯಲ್ಲಿ ದಾಖಲಾಗಿರಬೇಕು.

ಪಟ್ಟಿಯೇ ಇಲ್ಲದಿದ್ದರೆ ಒಪ್ಪಂದ ಏನು ಮಾಡೀತು? ನಮ್ಮ ಕಲ್ಲು ವಿದೇಶಕ್ಕೆ ಹೋಗಿರಲಿಕ್ಕಿಲ್ಲ. ಆದರೆ ನಾವು ಸೋತಿದ್ದು ಇದೇ ಜಾಗದಲ್ಲಿ. ಆದ್ದರಿಂದ ಒಪ್ಪಂದಗಳ ಬಗ್ಗೆ ಜನರಿಗೆ ತಿಳಿಸುವುದು, ಊರಿನ ಪಟ್ಟಿ ಮಾಡುವುದು, ಎರಡೂ ಒಂದೇ ಕೆಲಸ ಅಂತ ನಾನು ನಂಬಿದ್ದೇನೆ. ಮೇಷ್ಟ್ರು, ಯುವಕ ಸಂಘ, ಸ್ತ್ರೀಶಕ್ತಿ ಸಂಘ, ಪಂಚಾಯಿತಿ ಸದಸ್ಯರು, ಯಾರು ಬೇಕಾದರೂ ಮಾಡಬಹುದು. ದುಡ್ಡು ಬೇಕಿಲ್ಲ. ನಾವು ಮಾಡಿಕೊಂಡು ಬಂದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದು ವಸ್ತು ಆರಿಸಿಕೊಳ್ಳಿ

ಭಾಷಣವನ್ನು ಯುನೆಸ್ಕೊದಿಂದ ಶುರು ಮಾಡಬೇಡಿ. ನಿಮ್ಮೂರಿನ ಒಂದೇ ಒಂದು ವಸ್ತುವಿನಿಂದ ಶುರು ಮಾಡಿ. ವೀರಗಲ್ಲು, ಮಾಸ್ತಿಗಲ್ಲು, ತೋಪಿನ ಕಲ್ಲುಮಂಟಪ, ಗುಡಿಯ ಉತ್ಸವಮೂರ್ತಿ, ಅಟ್ಟದ ಮೇಲಿನ ತಾಳೆಗರಿ ಕಟ್ಟು, ಯಾವುದಾದರೂ ಸರಿ. ಕಲ್ಲೇ ಆಗಬೇಕೆಂದೂ ಇಲ್ಲ. ಪೂಜಾ ಕುಣಿತ, ಸೋಮನ ಕುಣಿತ, ಕಂಸಾಳೆ, ತೊಗಲು ಗೊಂಬೆಯಾಟ, ಅಜ್ಜಿ ಹೇಳುವ ಸೋಬಾನೆ ಪದ, ಇವೂ ಪರಂಪರೆಯೇ.

"ನಮ್ಮೂರಲ್ಲಿ ಅಂಥದ್ದೇನೂ ಇಲ್ಲ" ಅನ್ನುವವರಿಗೆ ನಾನು ಆತಕೂರಿನ ಕಥೆ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ಒಂದು ಶಾಸನ ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 949-50. ಅದರಲ್ಲಿ ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸುದ್ದಿ ಇದೆ. ಜೊತೆಗೆ ಕಾಳಿ ಅನ್ನುವ ಒಂದು ಬೇಟೆನಾಯಿಯ ಕಥೆಯೂ ಇದೆ. ಗಂಗರ ದೊರೆ ಬೂತುಗನ ಕಡೆಯ ಮಣಲೆರ ಅನ್ನುವ ವೀರ ಆ ನಾಯಿಯನ್ನು ಬಹುಮಾನವಾಗಿ ಕೇಳಿ ಪಡೆದಿದ್ದ. ಅದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ನಾಯಿ, ಹಂದಿ ಕಾದಾಡುವ ಕೆತ್ತನೆ ಅದರ ಮೇಲಿದೆ. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಯಾರೋ ಓದಿದರು, ಬರೆದಿಟ್ಟರು, ಅದಕ್ಕೇ ಕಾಳಿಯ ಹೆಸರು ನಮಗೆ ಗೊತ್ತು. ಮಕ್ಕಳಿಗೆ ಈ ಕಥೆ ಹೇಳಿ ನೋಡಿ. ಮಾರನೇ ದಿನ ಐದಾರು ಮಕ್ಕಳಾದರೂ "ಸಾರ್, ನಮ್ಮ ಹೊಲದಲ್ಲೂ ಒಂದು ಕಲ್ಲಿದೆ" ಅಂತ ಬರುತ್ತಾರೆ.

ಎರಡನೇ ಹೆಜ್ಜೆ: ಯಾವ ಒಪ್ಪಂದ ಯಾವುದಕ್ಕೆ, ನೀವು ಮೊದಲು ತಿಳಿಯಿರಿ

ಒಪ್ಪಂದಗಳು ಹಲವು ಇವೆ. ನಮಗೆ ಮುಖ್ಯವಾಗಿ ನಾಲ್ಕು ಸಾಕು.

ಎಲ್ಲರಿಗೂ ಹೆಸರು ಗೊತ್ತಿರುವುದು 1972ರ ವಿಶ್ವ ಪರಂಪರೆ ಒಪ್ಪಂದ. ಭಾರತ ಇದಕ್ಕೆ 1977ರಲ್ಲಿ ಸೇರಿತು. ಇದು ಕಟ್ಟಡಗಳಿಗೆ, ತಾಣಗಳಿಗೆ, ನಿಸರ್ಗಕ್ಕೆ ಸಂಬಂಧಿಸಿದ್ದು. ನಮ್ಮ ಹತ್ತಿರದ ಉದಾಹರಣೆ ಸೋಮನಾಥಪುರದ ಕೇಶವ ದೇವಾಲಯ. ಹೊಯ್ಸಳರ ಮೂರನೇ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ 1258ರಲ್ಲಿ ಕಟ್ಟಿಸಿದ್ದು. ಬೇಲೂರು, ಹಳೇಬೀಡಿನ ಜೊತೆಗೆ ಇದು 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿ ಮಕ್ಕಳಿಗೆ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕಲು ಹೇಳಿ. ಹಲವು ಶಿಲ್ಪಗಳ ಕೆಳಗೆ ಅವನ ಸಹಿ ಇದೆ. ಹಾಗೇ ಗರ್ಭಗುಡಿಯ ಮೂಲ ಕೇಶವ ಮೂರ್ತಿ ಈಗ ಇಲ್ಲ ಅನ್ನುವುದನ್ನೂ ತಿಳಿಸಿ. ಪಟ್ಟಿಗೆ ಸೇರಿದ ಗುಡಿ ಕೂಡ ಪಟ್ಟಿಗೆ ಸೇರುವ ಮೊದಲೇ ಎಷ್ಟೋ ಕಳೆದುಕೊಂಡಿರುತ್ತದೆ.

ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಂದರೆ "ಮುಂದೆ ಕೇಳುತ್ತೇವೆ" ಅಂತ ದೇಶ ಹೆಸರು ಕೊಟ್ಟಿದೆ, ಅಷ್ಟೇ. ಇದನ್ನು ಜನ ಜಾಸ್ತಿ ತಪ್ಪು ತಿಳಿಯುತ್ತಾರೆ. ತಾತ್ಕಾಲಿಕ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ವಿಶ್ವ ಪರಂಪರೆ ತಾಣ ಆಗುವುದಿಲ್ಲ.

ಎರಡನೆಯದು ನಾನು ಮೇಲೆ ಹೇಳಿದ 1970ರ ಒಪ್ಪಂದ, ಕಳ್ಳಸಾಗಣೆ ತಡೆಯುವುದು. ಇದಕ್ಕೂ ಭಾರತ 1977ರಲ್ಲೇ ಸೇರಿತು. ನನ್ನ ಪ್ರಕಾರ ಹಳ್ಳಿಗಳಿಗೆ ಎಲ್ಲಕ್ಕಿಂತ ಹತ್ತಿರದ್ದು ಇದೇ. ಯಾಕೆ ಅಂದರೆ ಪ್ರಸಿದ್ಧ ಗುಡಿಗೆ ಕಾವಲುಗಾರರಿದ್ದಾರೆ, ನಮ್ಮ ಹೊಲದ ಗುಡಿಗೆ ಬೀಗವೂ ಇರುವುದಿಲ್ಲ.

ಮೂರನೆಯದು 2003ರದ್ದು, ಜೀವಂತ ಪರಂಪರೆಗೆ. ಹಾಡು, ಕುಣಿತ, ಹಬ್ಬ, ಕಸುಬು ಇದರಲ್ಲಿ ಬರುತ್ತವೆ. ಭಾರತ 2005ರಲ್ಲಿ ಸೇರಿತು. 2016ರಲ್ಲಿ ಯೋಗ, 2017ರಲ್ಲಿ ಕುಂಭಮೇಳ, 2021ರಲ್ಲಿ ಕೋಲ್ಕತ್ತದ ದುರ್ಗಾಪೂಜೆ, 2023ರಲ್ಲಿ ಗುಜರಾತಿನ ಗರ್ಬಾ ಇದರ ಪಟ್ಟಿ ಸೇರಿದವು. "ನಮ್ಮ ದಸರಾ ಯಾಕೆ ಇಲ್ಲ?" ಅಂತ ಮೈಸೂರಿನವರು ಕೇಳಿಯೇ ಕೇಳುತ್ತಾರೆ. ಉತ್ತರ ಇಷ್ಟು: ಹೆಸರು ಕಳಿಸಬೇಕಾದದ್ದು ದೇಶ. ಆದರೆ ಆ ಆಚರಣೆ ಯಾರದ್ದೋ ಅವರು ಸೇರಿ, ತಿಳಿದು, ಒಪ್ಪಿಗೆ ಕೊಟ್ಟಿರಬೇಕು. ಇಲ್ಲಿ ಯಾವ ಹಬ್ಬ ದೊಡ್ಡದು ಅನ್ನುವ ಸ್ಪರ್ಧೆ ಇಲ್ಲ. ಆ ಕಲೆ ಮುಂದಿನ ತಲೆಮಾರಿಗೆ ಹೋಗುತ್ತಿದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ಪತ್ರಿಕೆಗಳಲ್ಲಿ ಗರ್ಬಾ "ವಿಶ್ವ ಪರಂಪರೆ ತಾಣ" ಅಂತೆಲ್ಲ ಬಂದಿರುತ್ತದೆ. ತಾಣಗಳ ಪಟ್ಟಿ ಬೇರೆ, ಕಲೆಗಳ ಪಟ್ಟಿ ಬೇರೆ.

ನಾಲ್ಕನೆಯದು 1954ರ ಹೇಗ್ ಒಪ್ಪಂದ. ಯುದ್ಧದ ವೇಳೆ ಸ್ಮಾರಕಗಳಿಗೆ ಪೆಟ್ಟು ಕೊಡಬಾರದು, ಲೂಟಿ ಮಾಡಬಾರದು ಅನ್ನುವುದು. ಇದರ ಗುರುತು ನೀಲಿ-ಬಿಳಿ ಗುರಾಣಿ. ಭಾರತ 1958ರಲ್ಲಿ ಸೇರಿದೆ. ಶ್ರೀರಂಗಪಟ್ಟಣದಲ್ಲಿ ನಿಂತು ಇದನ್ನು ವಿವರಿಸಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಆದ ಲೂಟಿಯಲ್ಲಿ ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಯಿತು. ಇವತ್ತೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅವನ ಮಲಗುವ ಕೋಣೆಯ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾಯಿತು.

ಈ ಕೊನೆಯದನ್ನು ಬಿಟ್ಟರೆ ಉಳಿದ ಮೂರರಲ್ಲೂ ಮೊದಲ ಕೆಲಸ ಒಂದೇ. 1970ರದ್ದು ರಾಷ್ಟ್ರೀಯ ಪಟ್ಟಿ ಮಾಡಿ ಅನ್ನುತ್ತದೆ. 1972ರದ್ದು ನಿಮ್ಮ ತಾಣಗಳ ಪಟ್ಟಿ ಕೊಡಿ ಅನ್ನುತ್ತದೆ. 2003ರದ್ದು ಕಲೆಗಳ ಪಟ್ಟಿ ಮಾಡಿ, ಆಗಾಗ ತಿದ್ದುತ್ತಿರಿ ಅನ್ನುತ್ತದೆ. ಜೊತೆಗೆ ಈ ಮೂರೂ ಜನರಿಗೆ ತಿಳಿಸಿ, ಮಕ್ಕಳಿಗೆ ಕಲಿಸಿ ಅಂತಲೂ ಬಾಯಿಬಿಟ್ಟು ಹೇಳಿವೆ. ನೀವು ಡೇರಿ ಮುಂದೆ ನಿಂತು ಮಾತಾಡಿದರೆ ಅದೂ ಒಪ್ಪಂದದ ಕೆಲಸವೇ.

ಇನ್ನೊಂದು ವಿಷಯ ತಿಳಿದಿರಲಿ. ಪೊಲೀಸ್ ಸ್ಟೇಷನ್ನಿಗೆ ಹೋಗಿ "ಯುನೆಸ್ಕೊ ಒಪ್ಪಂದ ಮುರಿದರು" ಅಂದರೆ ಕೇಸ್ ಆಗುವುದಿಲ್ಲ. ಒಪ್ಪಂದ ದೇಶ ದೇಶಗಳ ನಡುವೆ. ಊರಿನಲ್ಲಿ ಕೈಗೆ ಬರುವುದು ನಮ್ಮ ಕಾನೂನು. ನೂರು ವರ್ಷ ಮೀರಿದ ಶಿಲ್ಪ, ಶಾಸನ, ನಾಣ್ಯಗಳು, 75 ವರ್ಷ ಮೀರಿದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಕೇಂದ್ರ ರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಸಂವಿಧಾನದ 51ಎ ವಿಧಿಯಲ್ಲಿ ಪರಂಪರೆ ಕಾಪಾಡುವುದು ಪ್ರತಿ ನಾಗರಿಕರ ಕರ್ತವ್ಯ ಅಂತ ಬರೆದಿದೆ.

ಮೂರನೇ ಹೆಜ್ಜೆ: ಊರಿನ ಪಟ್ಟಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಒಂದು ವಸ್ತುವಿಗೆ ಒಂದು ಪುಟ. ಅದು ಏನು, ಯಾವುದರಲ್ಲಿ ಮಾಡಿದ್ದು, ಎತ್ತರ ಅಗಲ ಎಷ್ಟು, ಮೇಲೆ ಏನು ಕೆತ್ತಿದೆ, ಅಕ್ಷರ ಇದೆಯಾ, ಎಲ್ಲಿದೆ, ಯಾರ ಜಾಗ, ಊರಿನವರು ಏನಂತ ಕರೆಯುತ್ತಾರೆ, ಇಷ್ಟು ಬರೆಯಿರಿ. ಬರೆದ ದಿನಾಂಕ ಹಾಕಿ.

ಮುಖ್ಯವಾದದ್ದು ಗಾಯದ ಗುರುತು. ಮುರಿದ ಮೂಗು, ಬಲಗೈಯ ಚಕ್ಕೆ, ಅಡಿಯ ಬಿರುಕು. ಒಂದೇ ಥರದ ಹತ್ತು ವಿಗ್ರಹ ಇರಬಹುದು, ಒಂದೇ ಥರದ ಬಿರುಕು ಇರುವುದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ತಮಿಳುನಾಡಿನ ಶ್ರೀಪುರಂದಾನ್ ಊರಿನ ನಟರಾಜನೇ ಸಾಕ್ಷಿ. ಚೋಳರ ಕಾಲದ ಆ ಕಂಚಿನ ಮೂರ್ತಿಯನ್ನು ಕಳ್ಳರು ಕದ್ದರು. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಅದನ್ನು ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಅದು ಆ ಗುಡಿಯದ್ದೇ ಅಂತ ತೋರಿಸಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಬಳಿ ಇದ್ದ ಹಳೇ ಫೋಟೋ. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಯಾವತ್ತೋ ಯಾರೋ ಗುಡಿಗೆ ಹೋಗಿ ತೆಗೆದಿದ್ದ ಫೋಟೋ!

ಫೋಟೋ ತೆಗೆಯುವ ರೀತಿ ಹೇಳುತ್ತೇನೆ. ಎದುರಿನಿಂದ, ಎರಡೂ ಪಕ್ಕದಿಂದ, ಸಾಧ್ಯವಾದರೆ ಹಿಂದಿನಿಂದಲೂ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಗಾಯದ ಗುರುತನ್ನು ಹತ್ತಿರದಿಂದ ತೆಗೆಯಿರಿ. ಶಾಸನದ ಅಕ್ಷರ ಕಾಣದಿದ್ದರೆ ನೆತ್ತಿ ಮೇಲಿನ ಬಿಸಿಲಿನಲ್ಲಿ ತೆಗೆಯಬೇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೀಳುವಾಗ ಹೋಗಿ. ಕತ್ತಲಾದ ಮೇಲೆ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಇದನ್ನು ಮೊದಲ ಸಲ ಮಾಡಿದಾಗ ಮಕ್ಕಳ ಮುಖ ನೋಡಬೇಕು. ಸುಮ್ನೆ ಚಪ್ಪಡಿ ಅಂದುಕೊಂಡಿದ್ದ ಕಲ್ಲಿನಲ್ಲಿ ಸಾಲು ಸಾಲು ಹಳಗನ್ನಡ!

ದಯವಿಟ್ಟು ಕಲ್ಲನ್ನು ಆ್ಯಸಿಡ್ ಹಾಕಿ ತೊಳೆಯಬೇಡಿ. ತಂತಿ ಬ್ರಷ್‌ನಿಂದ ಉಜ್ಜಬೇಡಿ. ಭಕ್ತಿ ಅಂತ ಸುಣ್ಣ, ಆಯಿಲ್ ಪೇಂಟ್ ಬಳಿಯಬೇಡಿ. ಬಿದ್ದ ಕಲ್ಲನ್ನು ನೀವೇ ಎತ್ತಿ ಸಿಮೆಂಟ್ ಹಾಕಬೇಡಿ.

ಇನ್ನೊಂದು ಎಚ್ಚರಿಕೆ. ಲೋಹದ ಉತ್ಸವಮೂರ್ತಿಯ ಫೋಟೋ, ಗುಡಿಯ ಹೆಸರು, ಲೊಕೇಶನ್, ಇವನ್ನೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ಹಂಚಬೇಡಿ. ಅದು ಕಳ್ಳರಿಗೆ ದಾರಿ ತೋರಿಸಿದಂತೆ. ಕಲ್ಲಿನ ಕಥೆಯನ್ನು ಎಲ್ಲರಿಗೂ ಹೇಳಿ, ಮೂರ್ತಿಯ ದಾಖಲೆಯನ್ನು ಭದ್ರವಾಗಿ ಇಡಿ. ಒಂದು ಪ್ರತಿ ಶಾಲೆಯಲ್ಲಿ, ಒಂದು ಪಂಚಾಯಿತಿಯಲ್ಲಿ, ಒಂದು ಗುಡಿ ನೋಡಿಕೊಳ್ಳುವವರ ಬಳಿ ಇರಲಿ. ದೇಶ ದೇಶಗಳ ಪೊಲೀಸರನ್ನು ಜೋಡಿಸುವ ಸಂಸ್ಥೆ ಇಂಟರ್‌ಪೋಲ್‌ನವರ ಐಡಿ-ಆರ್ಟ್ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲೂ ವಸ್ತುವಿನ ಫೋಟೋ, ವಿವರ ದಾಖಲಿಸಿಡಬಹುದು. ಕಳವಾದ ವಸ್ತುಗಳ ಪಟ್ಟಿಯನ್ನೂ ಅದರಲ್ಲಿ ಹುಡುಕಬಹುದು.

ನಾವು ಮೈಸೂರು, ಮಂಡ್ಯದವರು ಒಂದು ವಿಷಯದಲ್ಲಿ ಪುಣ್ಯವಂತರು. ರಾಜ್ಯದ ಪುರಾತತ್ವ ಇಲಾಖೆ ಮೈಸೂರಿನಲ್ಲೇ ಇದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗವೂ ಮೈಸೂರಿನಲ್ಲೇ ಇದೆ. ತಾಳೆಗರಿ ಸಿಕ್ಕರೆ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಅಲ್ಲೇ. 1909ರಲ್ಲಿ ಅದು ಅಚ್ಚಾಯಿತು. ಯಾರದ್ದೋ ಮನೆಯ ಕಟ್ಟು ಅಲ್ಲಿಗೆ ಬಂದು ಸೇರದೇ ಇದ್ದಿದ್ದರೆ? ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಮೊದಲು ಹೋಗಬೇಕಾದದ್ದು ಇಂಥ ಕಡೆಗೆ. ನಿಮ್ಮ ಊರಿನ ಶಾಸನ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳಲ್ಲಿ ಆಗಲೇ ಅಚ್ಚಾಗಿದೆಯಾ ಅಂತ ಮೊದಲು ನೋಡಿ. ಅಚ್ಚಾಗಿದ್ದರೆ ಓದುವ ಕೆಲಸ ಅರ್ಧ ಮುಗಿದಂತೆ.

ಹಾಡು, ಕುಣಿತದ ಪಟ್ಟಿ ಮಾಡುವಾಗ ಒಂದು ಮರ್ಯಾದೆ ಬೇಕು. ರೆಕಾರ್ಡ್ ಮಾಡುವ ಮೊದಲು ಕೇಳಿ. "ಅಜ್ಜಿ, ಈ ಪದ ಫೋನಲ್ಲಿ ಇಟ್ಕೊಳ್ಳಲಾ? ಶಾಲೆ ಮಕ್ಕಳಿಗೆ ಕೇಳಿಸ್ತೀನಿ" ಅನ್ನಿ. ಬೇಡ ಅಂದರೆ ಬಿಟ್ಟುಬಿಡಿ. ಹಾಡಿದವರ ಹೆಸರು ಬರೆಯಿರಿ. ಸಮುದಾಯವನ್ನು ಸೇರಿಸಿಕೊಂಡೇ ಪಟ್ಟಿ ಮಾಡಬೇಕು ಅಂತ 2003ರ ಒಪ್ಪಂದವೇ ಹೇಳುತ್ತದೆ.

ನಾಲ್ಕನೇ ಹೆಜ್ಜೆ: ಜನ ಇರುವ ಕಡೆ ಹೋಗಿ ಮಾತಾಡಿ

ಸಭೆ ಕರೆದರೆ ಜನ ಬರುವುದು ಕಷ್ಟ. ಹಾಲಿನ ಡೇರಿಗೆ ಬೆಳಗ್ಗೆ, ಸಂಜೆ ಎಲ್ಲರೂ ಬಂದೇ ಬರುತ್ತಾರೆ. ಕ್ಯಾನ್ ಇಟ್ಟು ಸಾಲಿನಲ್ಲಿ ನಿಂತಿರುತ್ತಾರೆ. ಎರಡು ನಿಮಿಷ ಸಾಕು. ಊರಿನ ಕಲ್ಲಿನ ದೊಡ್ಡ ಫೋಟೋ ಒಂದನ್ನು ಡೇರಿ ಗೋಡೆಗೆ ಅಂಟಿಸಿ. "ಇದು ಎಲ್ಲಿದೆ ಹೇಳಿ ನೋಡೋಣ" ಅಂತ ಕೇಳಿ. ಅಲ್ಲಿಂದ ಮಾತು ತಾನೇ ಬೆಳೆಯುತ್ತದೆ.

ಒಪ್ಪಂದ ಅಂದರೆ ಏನು ಅಂತ ವಿವರಿಸಲು ನಮ್ಮ ಶಾಸನಗಳಲ್ಲೇ ಒಳ್ಳೆಯ ದಾರಿ ಇದೆ. ಹಳೇ ದಾನಶಾಸನಗಳ ಕೊನೆಯಲ್ಲಿ ಒಂದು ಮಾತು ಬರುತ್ತದೆ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ನಾನು ಡೇರಿ ಮುಂದೆ ಹೀಗೆ ಹೇಳುತ್ತೇನೆ: "ಅಣ್ಣ, ಆಗಿನವರು ಶಾಪ ಬರೆದು ಕಲ್ಲು ಕಾಯ್ದರು. ಈಗ ದೇಶಗಳೆಲ್ಲ ಕೂತು ಸಹಿ ಹಾಕಿ ಕಾಯ್ತಾವೆ. ಆದ್ರೆ ಯಾವ ಕಲ್ಲು, ಎಲ್ಲಿದೆ ಅಂತ ನಾವು ಬರೆದುಕೊಟ್ಟರೆ ತಾನೇ?" ಇದು ಎಲ್ಲರಿಗೂ ಅರ್ಥವಾಗುತ್ತದೆ.

ದಿನ ನೋಡಿಕೊಂಡು ಮಾಡಿದರೆ ಶಾಲೆಯಲ್ಲಿ ಅನುಮತಿ ಸುಲಭ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಆದರೆ ಆಗ ಶಾಲೆಗೆ ರಜೆ. ನವೆಂಬರ್ ಒಳ್ಳೆಯದು. ನವೆಂಬರ್ 14 ಮಕ್ಕಳ ದಿನ. ಅದೇ ದಿನ ಕಲಾವಸ್ತುಗಳ ಕಳ್ಳಸಾಗಣೆ ವಿರುದ್ಧದ ಅಂತರರಾಷ್ಟ್ರೀಯ ದಿನವೂ ಹೌದು. 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ರಾಜ್ಯೋತ್ಸವದ ಉತ್ಸಾಹವೂ ಇನ್ನೂ ಇರುತ್ತದೆ. ಗ್ರಾಮಸಭೆಯಲ್ಲಿ ಊರಿನ ಪಟ್ಟಿಯನ್ನು ಓದಿ, ನಡಾವಳಿಯಲ್ಲಿ ಬರೆಸಿ. ಮುಂದೆ ರಸ್ತೆ, ಮೋರಿ ಕೆಲಸ ಬಂದಾಗ "ಇಲ್ಲಿ ಕಲ್ಲಿದೆ" ಅಂತ ತೋರಿಸಲು ಅದೇ ಕಾಗದ ಬೇಕು. ನಮ್ಮಲ್ಲಿ ಇಲ್ಲದೇ ಇದ್ದದ್ದು ಅದೇ.

ಐದನೇ ಹೆಜ್ಜೆ: ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿ

"ಯುನೆಸ್ಕೊದವರು ಬಂದರೆ ಗುಡಿ, ಜಮೀನು ಅವರ ಪಾಲಾಗುತ್ತೆ" ಅನ್ನುವ ಭಯ ತುಂಬಾ ಜನರಿಗಿದೆ. ಆಗುವುದಿಲ್ಲ. ವಿಶ್ವ ಪರಂಪರೆ ಆದರೂ ಸೋಮನಾಥಪುರ ಭಾರತದ್ದೇ. ಆದರೆ ನಿರ್ಬಂಧವೇ ಇಲ್ಲ ಅಂತ ಹೇಳಿಬಿಡಬೇಡಿ. ಕೇಂದ್ರ ರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷೇಧ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಇದು ನಮ್ಮ ದೇಶದ ಕಾನೂನು. ಅಲ್ಲಿ ಮನೆ ಇರುವವರ ಕಷ್ಟ ನಿಜವಾದದ್ದು. ಅದನ್ನು ಕೂತು ಕೇಳಿಸಿಕೊಳ್ಳಬೇಕು. ಮುಚ್ಚಿಟ್ಟು ಮಾತಾಡಿದರೆ ಆಮೇಲೆ ಯಾರೂ ನಂಬುವುದಿಲ್ಲ.

"ಪಟ್ಟಿಗೆ ಸೇರಿದ ಮೇಲೆ ಮುಗೀತಲ್ವಾ?" ಇಲ್ಲ. ಹಂಪಿ 1986ರಲ್ಲಿ ಸೇರಿತು. ಪಕ್ಕದಲ್ಲಿ ಸೇತುವೆ ಕಟ್ಟಲು ಹೊರಟಾಗ 1999ರಲ್ಲಿ ಅದನ್ನು ಅಪಾಯದ ಪಟ್ಟಿಗೆ ಹಾಕಿದರು. ಹೊರಗೆ ಬಂದದ್ದು 2006ರಲ್ಲಿ. ಜರ್ಮನಿಯ ಡ್ರೆಸ್ಡೆನ್ ಕಣಿವೆಯನ್ನು ಸೇತುವೆಯ ಕಾರಣಕ್ಕೇ 2009ರಲ್ಲಿ ಪಟ್ಟಿಯಿಂದ ತೆಗೆದೇಬಿಟ್ಟರು.

"ಟಿಪ್ಪು ಹುಲಿ ವಾಪಸ್ ಬರುತ್ತಾ?" ಇದಕ್ಕೆ ಸುಳ್ಳು ಆಸೆ ಕೊಡಬೇಡಿ. 1970ರ ಒಪ್ಪಂದ ಹಿಂದಿನ ಲೂಟಿಗೆ ಅನ್ವಯಿಸುವುದಿಲ್ಲ. ಬ್ರಿಟನ್ ಅದಕ್ಕೆ ಸೇರಿದ್ದೇ 2002ರಲ್ಲಿ. 1799ರ ವಿಷಯವನ್ನು ಮಾತುಕತೆಯಿಂದಲೇ ಬಗೆಹರಿಸಬೇಕು. ಅಂಥ ಮಾತುಕತೆಗೆ ಯುನೆಸ್ಕೊದಲ್ಲಿ 1978ರಿಂದ ಒಂದು ಸಮಿತಿ ಇದೆ. ಹಿಂದಿನದ್ದಕ್ಕೆ ದಾರಿ ಉದ್ದ. ಮುಂದೆ ಕಳವಾಗುವ ವಸ್ತುಗಳನ್ನು ವಾಪಸ್ ಕೇಳಲು ದಾರಿ ಇದೆ. 2024ರ ಜುಲೈನಲ್ಲಿ ಭಾರತ, ಅಮೆರಿಕ ಇದಕ್ಕಾಗಿಯೇ ಒಂದು ಒಪ್ಪಂದಕ್ಕೆ ಸಹಿ ಹಾಕಿವೆ.

ಕೊನೆಯ ಹೆಜ್ಜೆ: ಕಳವಾದರೆ, ಸಿಕ್ಕರೆ

ಕಳವಾದ ದಿನವೇ ಠಾಣೆಗೆ ಹೋಗಿ. ನಿಮ್ಮ ಪುಟ, ಫೋಟೋ ಎರಡನ್ನೂ ಕೊಡಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಇಂಟರ್‌ಪೋಲ್ ಜೊತೆ ನಮ್ಮ ದೇಶದ ಪರವಾಗಿ ವ್ಯವಹರಿಸುವುದು ಸಿಬಿಐ. ಠಾಣೆಯಿಂದ ಆ ದಾರಿಯಲ್ಲೇ ವಿವರ ಮೇಲೆ ಹೋಗಬೇಕು. ಪುರಾತತ್ವ ಇಲಾಖೆಗೂ ಅದೇ ದಿನ ಒಂದು ಪತ್ರ ಕೊಡಿ.

ನಿಧಿ ಆಸೆಗೆ ವೀರಗಲ್ಲಿನ ಬುಡ ಅಗೆಯುವವರು, ಲಿಂಗ ಕೀಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ರಾತ್ರಿ ಹೊಲದಲ್ಲಿ ಟಾರ್ಚ್ ಕಂಡರೆ, ನಿಂಬೆಹಣ್ಣು, ಕುಂಕುಮ ಬಿದ್ದಿದ್ದರೆ, ಹೊಸದಾಗಿ ಗುಂಡಿ ತೋಡಿದ್ದರೆ ಒಬ್ಬರೇ ಹೋಗಿ ತಡೆಯಬೇಡಿ. 112ಕ್ಕೆ ಫೋನ್ ಮಾಡಿ.

ಉಳುವಾಗ, ಪಾಯ ತೆಗೆಯುವಾಗ ಏನಾದರೂ ಸಿಕ್ಕರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಎತ್ತಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ. ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿಗೆ ಬರಹದಲ್ಲಿ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ. ಆ ಪ್ರತಿಯನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಆ ವಸ್ತುವಿನ ಪುಟಕ್ಕೇ ಅಂಟಿಸಿ.